ಟೋಪಿ ಬಿಲ್ಲೆಯ ಹಿಂಬದಿ

ಊರಿಗಾಂ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ಕೋದಂಡಪ್ಪನವರಿಗೆ ಒಂದು ವಿಚಿತ್ರವಾದ ಹುಚ್ಚಿತ್ತು. ಸಿಪಾಯಿಗಳು ಟೋಪಿಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ಬಿಲ್ಲೆಗಳನ್ನು ಅವರು ಕೂಡಿಡುತ್ತಿದ್ದರು. ಯಾವ ಪಲ್ಟನ್ನಿನದಾದರೂ ಸರಿ, ಹಳೆಯದಾಗಿರಬೇಕು, ಅಸಲಿಯಾಗಿರಬೇಕು. ಯಾರಾದರೂ ಬಿಲ್ಲೆ ತಂದರೆ ಅದರ ಮುಂಭಾಗವನ್ನು ಅವರು ನೋಡುತ್ತಲೇ ಇರಲಿಲ್ಲ. "ಮುಖಕ್ಕೆ ಎಲ್ರೂ ಪೌಡರ್ ಬಳ್ಕೋತಾರೆ, ಬೆನ್ನು ತೋರ್ಸಪ್ಪಾ" ಎಂದು ನಗುತ್ತ ಅದನ್ನು ಬೋರಲು ಹಾಕುತ್ತಿದ್ದರು. ಅಚ್ಚಿನಲ್ಲಿ ಒತ್ತಿದ್ದಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಾದರೆ ಬೆರಳಿಗೆ ಮರಳಿನ ತರಿ ಸಿಕ್ಕುತ್ತದೆ.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಪಿತೃಪಕ್ಷ ಆಗತಾನೆ ಹಿಡಿದಿತ್ತು. ಬಂಗಾರಪೇಟೆಯ ಆಚೆಯ ಹಳ್ಳಿಯಿಂದ ವೆಂಕಟರತ್ನಮ್ಮನೆಂಬ ಹೆಂಗಸು ಅವರ ಮನೆಯನ್ನು ಹುಡುಕಿಕೊಂಡು ಬಂದಳು. ತಲೆಯಲ್ಲಿ ಬಿಳಿಯ ಎಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಸೆರಗಿನ ಗಂಟನ್ನು ಬಿಚ್ಚಿ ಫಳಫಳ ಹೊಳೆಯುವ ಒಂದು ಟೋಪಿ ಬಿಲ್ಲೆಯನ್ನು ಜಗಲಿಯ ಮೇಲಿಟ್ಟಳು.

ಅವಳ ಗಂಡ ಚಿಕ್ಕವೆಂಕಟಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆಗೆ ಸಿಡಿಮದ್ದು ಇಡುವ ಕೆಲಸದಲ್ಲಿದ್ದವನು. ಜರ್ಮನ್ ಯುದ್ಧದ ಕಾಲದಲ್ಲಿ ದಂಡಿಗೆ ಸೇರಿ ಬಸ್ರಾಕ್ಕೆ ಹೋದ. ಕಾಣೆಯಾಗಿದ್ದಾನೆ ಎಂಬ ಸುದ್ದಿ ಬಂತೇ ಹೊರತು ಸತ್ತನೆಂದು ಯಾರೂ ಹೇಳಲಿಲ್ಲ. ಈಗ, ಇಷ್ಟು ವರ್ಷಗಳ ಮೇಲೆ, ಯಾರೋ ಮುದುಕ ಸಿಪಾಯಿ ಬಂದು ಈ ಬಿಲ್ಲೆಯನ್ನು ಕೊಟ್ಟು, "ನಿನ್ನ ಗಂಡ ಹೊಳೆ ದಾಟುವಾಗ ಮುಳುಗಿದ, ಟೋಪಿ ಮಾತ್ರ ತೇಲಿಬಂತು" ಎಂದು ಹೇಳಿ, ಉಂಡು ಹೊರಟುಹೋಗಿದ್ದ.

"ನಿಜವೋ ಸುಳ್ಳೋ ನೀವೇ ಏಳ್ಬೇಕು ಅಣ್ಣಾ. ನಿಜ ಅಂದ್ರೆ ಅಮಾಸೆಗೆ ಅವ್ರಿಗೆ ಎಡೆ ಇಕ್ಬೇಕು, ನಾನು ಕುಂಕುಮ ಒರಸ್ಕೋಬೇಕು. ಸುಳ್ಳು ಅಂದ್ರೆ ಇಂಗೇ ಕಾಯ್ತೀನಿ."

ಕೋದಂಡಪ್ಪನವರು ಬಿಲ್ಲೆಯನ್ನು ಬೋರಲು ಹಾಕಿದರು. ಅಚ್ಚಿನಲ್ಲಿ ಒತ್ತಿದ್ದೇ, ಸಂಶಯವಿಲ್ಲ. ಹಿಂಬದಿಯಲ್ಲಿ ಚಿಕ್ಕವೆಂಕಟಪ್ಪನ ಗಣಿಯ ಟೋಕನ್ ನಂಬರನ್ನು ಮೊಳೆಯಿಂದ ಗೀರಿತ್ತು. ಬುತ್ತಿ ಡಬ್ಬಿ, ದೀಪ, ಬೆಲ್ಟು, ಯಾವುದು ತಮ್ಮದಾದರೂ ಅದರ ಮೇಲೆ ನಂಬರು ಗೀರುವುದು ಗಣಿಯವರ ಅಭ್ಯಾಸ. ಆದರೆ ಆ ಗೀರಿನಲ್ಲಿ ಒಂದು ಕಣ ಕಪ್ಪೂ ಇರಲಿಲ್ಲ; ನಿನ್ನೆ ಗೀರಿದಂತೆ ಮಿನುಗುತ್ತಿತ್ತು. ಆ ವರ್ಷ ಇಬ್ಬರು ಮೂವರು ಠಕ್ಕರು ಹಳೆಯ ಬಿಲ್ಲೆಗಳ ಮೇಲೆ ನಂಬರು ಗೀರಿ ಸಿಪಾಯಿಗಳ ಮನೆಯವರನ್ನು ಮೋಸಗೊಳಿಸಿದ್ದು ಅವರಿಗೆ ಗೊತ್ತಿತ್ತು.

"ಬಿಲ್ಲೆ ದಂಡಿನದೇ ತಾಯಿ. ನಂಬರು ಮಾತ್ರ ಈಚೆಗೆ ಗೀರಿದ್ದು. ಆ ಮುದುಕ ಠಕ್ಕ."

"ನಿಮ್ಮ ಬಾಯಿಗೆ ಸಕ್ಕರೆ ಆಕ" ಎಂದು ಅವಳು ಅಳುತ್ತ ನಕ್ಕಳು. ಬಿಲ್ಲೆಯನ್ನು ಮುಟ್ಟದೆ ಅಲ್ಲಿಯೇ ಬಿಟ್ಟುಹೋದಳು.

ಕೋದಂಡಪ್ಪನವರು ಅದನ್ನು ಮಖಮಲ್ಲು ಹಾಸಿದ ತಮ್ಮ ಪೆಟ್ಟಿಗೆಯಲ್ಲಿಟ್ಟರು. ಮರುದಿನ ಬೆಳಗ್ಗೆ ನೋಡಿದರೆ ಅದು ಬೋರಲಾಗಿ ಬಿದ್ದಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದು ಊರೆಲ್ಲ ಅದುರುವುದು ಅಲ್ಲಿ ಹೊಸದೇನಲ್ಲ. ಹಾಗೆಯೇ ಮಗುಚಿರಬೇಕೆಂದು ನೆಟ್ಟಗೆ ಮಾಡಿದರು. ಆದರೆ ನೆಲ ಅದುರದ ದಿನವೂ ಅದು ಬೋರಲಾಗಿತ್ತು. ಉಳಿದವುಗಳಲ್ಲಿ ಒಂದೂ ಕದಲಿರಲಿಲ್ಲ. ಎತ್ತಿದರೆ ಅದರ ಕೆಳಗಿನ ಮಖಮಲ್ಲು ಒದ್ದೆ. ಮೂಸಿ ನೋಡಿದರು. ಹೊಳೆಯ ಕೆಸರಿನ ವಾಸನೆ. ಆ ಊರಿನಲ್ಲಿ ಹೊಳೆಯೆಲ್ಲಿ ಬಂತು?

ಒಂದು ಮಧ್ಯಾಹ್ನ ಅವರ ಹೆಂಡತಿ ನರಸಮ್ಮ ಅನ್ನದ ತಟ್ಟೆಯನ್ನು ಹಿಡಿದು ಹಿತ್ತಿಲಿನಿಂದ ಹಾಗೆಯೇ ಹಿಂದಿರುಗಿದಳು.

"ಯಾರೇ ಅದು?"

"ಯಾರೂ ಇಲ್ಲ ಕಣ್ರೀ. ದಿನಾ ಇದೇ ಒತ್ಗೆ 'ಅಮ್ಮಾ, ಅಸಿವು' ಅಂತ ಕೂಗ್ತಾನೆ. ಎಳೇ ಗಂಟ್ಲು. ಓಗಿ ನೋಡಿದ್ರೆ ಬರೀ ಬಿಸ್ಲು."

ಕೋದಂಡಪ್ಪನವರು ಎದ್ದರು. ಸೀದಾ ಪೆಟ್ಟಿಗೆಯ ಬಳಿಗೆ ಹೋಗಿ, ಭೂತಗನ್ನಡಿಯನ್ನು ಹಿಡಿದು, ಬಿಲ್ಲೆಯ ಬೆನ್ನನ್ನು ಮತ್ತೊಮ್ಮೆ ನೋಡಿದರು. ಕೊನೆಯ ಅಂಕಿಯ ಬಾಲ ಟೋಪಿಗೆ ಸಿಕ್ಕಿಸುವ ಕೊಂಡಿಯ ಬುಡದವರೆಗೂ ಹೋಗಿತ್ತು. ಅಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಎಳೆದರು: ಹುಣಸೆಹಣ್ಣಿನ ನಾರು. ನಾರಿನ ಕೆಳಗೆ, ಗೀರಿನೊಳಗೆ, ಕಲ್ಲಿನಂತೆ ಗಟ್ಟಿಯಾದ ಕಪ್ಪು ಕೊಳೆ. ಇಪ್ಪತ್ತು ವರ್ಷಗಳಿಗೆ ಕಡಿಮೆಯಿಲ್ಲದ್ದು.

ಸತ್ತವರ ಸಾಮಾನನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಯಾರ ಹೊಸ್ತಿಲಿನೊಳಕ್ಕೂ ತರಬಾರದು. ಕೋದಂಡಪ್ಪನವರ ಸ್ವಂತ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ವೆಂಕಟರತ್ನಮ್ಮ ಮರ್ಯಾದೆಗೆಂದು ತೊಳೆದು ತಂದಿದ್ದಳು. ಅವರು ಆ ಹೊಳಪನ್ನು ನೋಡಿ ಗೀರು ಹೊಸದೆಂದಿದ್ದರು.

"ಅವ್ಳಿಗೆ ಏಳ್ಬೇಡಿ" ಎಂದಳು ನರಸಮ್ಮ. "ಮುತ್ತೈದೆಯಾಗೇ ಇರ್ಲಿ ಬಿಡಿ ಪಾಪ. ನಿಮ್ಗೇನು ಓಗ್ಬೇಕು?"

"ಅವನು ನಮ್ಮ ಹಿತ್ಲಲ್ಲಿ ನಿಂತವ್ನಲ್ಲೇ!"

ಅಮಾವಾಸ್ಯೆಯ ದಿನ ಅವರು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದು ಹಳ್ಳಿಗೆ ನಡೆದರು. ವೆಂಕಟರತ್ನಮ್ಮ ಅತ್ತೆ ಮಾವಂದಿರಿಗೆ ಎಡೆ ಹಾಕಲು ಅಡಿಗೆ ಮಾಡಿದ್ದಳು. ಕೋದಂಡಪ್ಪನವರು ನಿಂತಲ್ಲಿಯೇ ಎಲ್ಲವನ್ನೂ ಹೇಳಿದರು. ನಾರನ್ನು, ಕೊಳೆಯನ್ನು, ತಮ್ಮ ತಪ್ಪನ್ನು. ಕೊನೆಗೆ ಹಿತ್ತಿಲಿನ ಕೂಗನ್ನೂ ಹೇಳಿದರು.

ಅವಳು ಸೌಟನ್ನು ಕೆಳಗಿಟ್ಟು ಕುಳಿತಳು.

"ಎಳೇ ಗಂಟ್ಲಾ ಅಣ್ಣಾ?"

"ಊಂ ತಾಯಿ."

"ಅಂಗಾದ್ರೆ ಅವ್ರೇ. ನಾನು ಮುದ್ಕಿ ಆದೆ, ಅವ್ರು ಅಂಗೇ ಅವ್ರೆ." ಎದ್ದು ಮೂರನೆಯ ಎಲೆಯನ್ನು ಹಾಸಿದಳು. ಮುದ್ದೆ, ಅವರೆಬೇಳೆ ಸಾರು, ವಡೆ, ಪಾಯಸ ಬಡಿಸಿದಳು. ಪಕ್ಕದ ಮನೆಯ ಮುದುಕಿ ಕುಂಕುಮ ಒರಸಲೆಂದು ಒದ್ದೆ ಬಟ್ಟೆ ತಂದರೆ ಕೈ ಅಡ್ಡ ಹಿಡಿದಳು.

"ನಾಳೆ ಒರಸ್ಕೋತೀನಿ ಅಜ್ಜೀ. ಇವತ್ತು ಎಂಡ್ತಿ ಕೈಲಿ ಉಂಡೋಗ್ಲಿ."

ಎಡೆಯಿಟ್ಟ ಮೇಲೆ ಬಾಗಿಲನ್ನು ಮುಚ್ಚಿ ಹೊರಗೆ ನಿಲ್ಲುವುದು ಆ ಸೀಮೆಯ ಪದ್ಧತಿ. ಎಲ್ಲರೂ ಸುಡುವ ಬಿಸಿಲಿನಲ್ಲಿ ನಿಂತರು. ಕಾಗೆಗಳೂ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಒಳಗಡೆ, ಯಾರೋ ಚೊಂಬನ್ನು ಎತ್ತಿ ಗಟಗಟನೆ ಕುಡಿದು ನೆಲಕ್ಕಿಟ್ಟ ಸದ್ದಾಯಿತು.

ಮುದುಕಿ ಕಿವಿ ಮುಚ್ಚಿಕೊಂಡಳು. ವೆಂಕಟರತ್ನಮ್ಮ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೊಸ ಸೊಸೆಯಂತೆ ತಲೆ ತಗ್ಗಿಸಿ, "ಊಟದ ಮಧ್ಯೆ ನೀರು ಕುಡೀಬೇಡಿ ಅಂದ್ರೆ ಕೇಳೋರೇ ಅಲ್ಲ" ಎಂದಳು.