ಸಪಾಟ್ ರಸ್ತೆಯ ನಡುಕ

ಗೇರು ತಾನೇ ಬದಲಾಗುವ ಕಾರು ಕೊಂಡಾಗ ಬಸವಕಲ್ಯಾಣದ ನಮ್ಮ ಓಣಿಯವರು ಅದನ್ನು ಸೋಮಾರಿಗಳ ಗಾಡಿ ಎಂದರು. ನಾನು ಒಪ್ಪಿಕೊಂಡೆ. ಆದರೆ ಸೋಮಾರಿ ನಾನಲ್ಲ, ನನ್ನ ಎಡಗಾಲು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅದರ ಶಕ್ತಿಯನ್ನು ಒಯ್ದಿತ್ತು. ಕ್ಲಚ್ ಒತ್ತುವುದು ಅದರಿಂದಾಗದ ಕೆಲಸ. ಎಡಗಾಲಿನ ಹಂಗಿಲ್ಲದೆ ಓಡುವ ಕಾರೊಂದು ಇದೆಯೆಂದು ತಿಳಿಯುವ ಹೊತ್ತಿಗೆ ನನಗೆ ಐವತ್ತು ದಾಟಿತ್ತು. ಅದನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಹೆಂಡತಿ ಶರಣಮ್ಮನ ಅಕ್ಕ ಹುಮನಾಬಾದಿನಲ್ಲಿದ್ದಾರೆ. ಮೊದಲೆಲ್ಲ ಬಸ್ಸಿನ ಮೆಟ್ಟಿಲು, ನೂಕುನುಗ್ಗಲು ನೆನೆದು ನಾನು ಮನೆಯಲ್ಲೇ ಉಳಿಯುತ್ತಿದ್ದೆ. ಅವಳೊಬ್ಬಳೇ ಹೋಗಿ ಬರುತ್ತಿದ್ದಳು. ಕಾರು ಬಂದ ಮೇಲೆ ಪ್ರತಿ ರವಿವಾರ ಇಬ್ಬರೂ ತೊಗರಿ ಹೊಲಗಳ ನಡುವೆ ಜಗಳವಾಡುತ್ತ ಹೋಗತೊಡಗಿದೆವು. ಮದುವೆಯಾಗಿ ಇಷ್ಟು ವರ್ಷದ ಮೇಲೆ ದೊರೆತ ಆ ದಾರಿಜಗಳಗಳು ನನಗೆ ಬಹಳ ಪ್ರಿಯ.

ಅಂಥ ಕಾರು ಹೋದ ವರ್ಷ ನಡುಗತೊಡಗಿತು. ಊರೊಳಗೆ ಏನೂ ಇಲ್ಲ. ಹೈವೇ ಹತ್ತಿ ಒಂದೇ ವೇಗಕ್ಕೆ ಬಂದೆವೋ, ಮೈ ಕೊಡವಿಕೊಳ್ಳುತ್ತಿತ್ತು. ಮೊದಲು ರಸ್ತೆಯನ್ನು ಬೈದೆ. ಹೊಸ ಡಾಂಬರಿನ ಮೇಲೂ ನಡುಗಿದಾಗ ಬೈಯಲು ಯಾರೂ ಉಳಿಯಲಿಲ್ಲ. ಊರಿನ ಮೆಕ್ಯಾನಿಕ್‌ಗೆ ಜರ್ಕ್ ಹೊಡೆಯುತ್ತದೆ ಎಂದೆ. ಅವನು ಪ್ಲಗ್ ಬದಲಿಸಿದ. ನಡುಕ ಹಾಗೇ ಇತ್ತು. ನನ್ನ ಷಡ್ಡಕರು ಫೋನಿನಲ್ಲಿ, "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋತಂದ್ರ ಮುಗೀತ್ರಿ. ಇನ್ನೂ ಓಡಾಕತ್ತದ, ಈಗ್ಲೇ ಮಾರಿಬಿಡ್ರಿ" ಎಂದರು. ಮಾರಿದರೆ ಇನ್ನೊಂದು ಕೊಳ್ಳುವ ತಾಕತ್ತಿರಲಿಲ್ಲ. ನನ್ನ ಜಗತ್ತು ಮತ್ತೆ ನಮ್ಮ ಓಣಿಯಷ್ಟೇ ಆಗುತ್ತಿತ್ತು.

ಕನ್ನಡ ಪಾಠ ಹೇಳುವವನಾದ್ದರಿಂದ ಸಂಕಟದಲ್ಲೂ ಪದ ಹುಡುಕುವ ಚಟ ನನಗೆ. ಜಗ್ಗುವುದು, ಕುಲುಕುವುದು, ಅದುರುವುದು, ಮುಗ್ಗರಿಸುವುದು, ಬಿಕ್ಕುವುದು; ಒಂದರಂತೆ ಇನ್ನೊಂದಿಲ್ಲ. ಹೊಟ್ಟೆನೋವು ಎಂದರೆ ವೈದ್ಯರು ಚುಚ್ಚುತ್ತದೋ ಹಿಂಡುತ್ತದೋ ಎಂದು ಕೇಳುತ್ತಾರೆ. ಇಷ್ಟೆಲ್ಲ ಪದಗಳ ಒಡೆಯನಾದ ನಾನು ಕಾರಿನ ಕಷ್ಟವನ್ನು 'ಜರ್ಕ್' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ.

ಕೊನೆಗೆ ಕಾರನ್ನು ಹುಮನಾಬಾದಿನ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಖಲೀಲ್ ಸಾಬರು ಬಾನೆಟ್ ಎತ್ತುವ ಮೊದಲೇ, "ಯಾವಾಗ ಆಗ್ತದ, ಹ್ಯಾಂಗ ಆಗ್ತದ ಹೇಳ್ರಿ" ಎಂದರು. ನಾನು ಮತ್ತೆ ಜರ್ಕ್ ಎಂದೆ. ಶರಣಮ್ಮ ನಡುವೆ ಬಾಯಿ ಹಾಕಿದಳು.

"ಏರಿನಾಗ ಇಲ್ರಿ ಭಾಯಿ. ಸಪಾಟ್ ರಸ್ತಾದಾಗ ಆರಾಮ್ ಹೊಂಟಾಗ ಬರ್ತದ. ರಸ್ತಾಕ್ಕ ಅಡ್ಡಪಟ್ಟಿ ಬಳಿದಿರ್ತಾರಲ್ರಿ, ಅದರ ಮ್ಯಾಲ ಹೋದಂಗ ಗರಗರ ಅಂತದ."

ಖಲೀಲ್ ಸಾಬರು ಅವಳತ್ತ ನೋಡಿ ತಲೆಯಾಡಿಸಿದರು. "ನಡೀರಿ, ಹೈವೇಕ್ಕ ಹೋಗಿ ನೋಡೋಣ."

ಅವರೇ ಓಡಿಸಿದರು. ಖಾಲಿ ರಸ್ತೆಯಲ್ಲಿ ನಡುಕ ಬಂತು. ಬಲಗಾಲನ್ನು ಎಕ್ಸಲರೇಟರ್ ಮೇಲೆ ಹಾಗೇ ಇಟ್ಟು ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಮುಟ್ಟಿದರು. ನಡುಕ ನಿಂತಿತು. ಕಾಲು ತೆಗೆದರು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ನನ್ನ ಕಾರಿನ ರೋಗ ತಿಳಿಯಲು ಕೊನೆಗೂ ಒಂದು ಎಡಗಾಲು ಬೇಕಾಯಿತಲ್ಲ ಎಂದು ನನಗೆ ನಗು ಬಂತು.

"ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡು ಒಂದು ಡಬ್ಬಿ ಅದ್ರಿ" ಎಂದರು ಅವರು. "ಒಂದೇ ಸ್ಪೀಡಿನಾಗ ಹೊಂಟಾಗ ಅದು ಎರಡೂ ಕೂಡಿಸಿ ಹಿಡಿತದ. ಬ್ರೇಕ್ ಮುಟ್ಟಿದ್ರ ಬಿಡ್ತದ. ಈಗ ಹಿಡಿಯಾಕ ಹೋಗಿ ಜಾರಾಕತ್ತದ. ಗೇರ್ ಎಣ್ಣಿ ಕೆಟ್ಟಿರಬೇಕು. ಖಾತ್ರಿ ಹೇಳಾಂಗಿಲ್ಲ, ಮೊದಲ ಎಣ್ಣಿ ಬದಲಿ ಮಾಡಿ ನೋಡೋಣ."

ಹಳೆಯ ಎಣ್ಣೆ ಕಾಫಿ ಕಷಾಯದಂತೆ ಕಪ್ಪಗೆ ಇಳಿಯಿತು. ಆ ಕಾರಿಗೆ ಹೇಳಿದ ಎಣ್ಣೆಯನ್ನೇ ತರಿಸಿ ತುಂಬಿದರು. ಮುಗಿಯುವ ಹೊತ್ತಿಗೆ ಇಳಿಹೊತ್ತು. ಅಕ್ಕನ ಮನೆಯಲ್ಲಿ ಉಂಡು ಊರ ಕಡೆ ತಿರುಗಿದೆವು.

ಹೈವೇಯಲ್ಲಿ ಕಾರನ್ನು ಅದೇ ವೇಗಕ್ಕೆ ತಂದು ಕಾದೆ. ಏನೂ ಆಗಲಿಲ್ಲ. ಇನ್ನಷ್ಟು ದೂರ ಹೋದರೂ ಕಾರು ಸುಮ್ಮನೆ ಹರಿಯುತ್ತಿತ್ತು. ಸರಿಹೋಯಿತು ನೋಡು ಎನ್ನಲು ತಿರುಗಿದರೆ ಶರಣಮ್ಮನಿಗೆ ನಿದ್ದೆ ಹತ್ತಿತ್ತು, ತಲೆ ಕಿಟಕಿಗೆ ಒರಗಿತ್ತು. ಎಬ್ಬಿಸಲಿಲ್ಲ. ಚಿಕ್ಕಂದಿನಿಂದ ಯಾರಾದರೂ ನನ್ನನ್ನು ಕೈಹಿಡಿದು ಮನೆ ಮುಟ್ಟಿಸುತ್ತಿದ್ದರು. ನಿದ್ದೆಯಲ್ಲಿರುವ ಒಬ್ಬರನ್ನು ನಾನು ಮನೆ ಮುಟ್ಟಿಸುವ ಸುಖ ಅಂದು ನನ್ನ ಪಾಲಿಗೆ ಬಂದಿತ್ತು. ವೇಗವನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿದೆ.