ಬೇಟೆಗೆ ಕಟ್ಟಿದ ರುಮಾಲು

ಮೊನ್ನೆ ಸಂಜೆ ನಮ್ಮ ಅಳಿಯ ಕಾರ್ತಿಕ್ ಆಫೀಸಿನಿಂದ ಬರುವಾಗ ಓಕ್ ಬ್ರೂಕಿನ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಮೂರು ಟೋಪಿ ಕೊಂಡು ತಂದರು. ಪ್ಲೇನ್‌ಫೀಲ್ಡಿನ ಅವರ ಮನೆಯ ಊಟದ ಮೇಜಿನ ಮೇಲೆ, ನಾನು ಹುರುಳಿಕಾಯಿ ಬಿಡಿಸುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೂರನ್ನೂ ಸಾಲಾಗಿ ಜೋಡಿಸಿದರು. ಹೊಸ ಬಟ್ಟೆಯ ಅಂಗಡಿ ವಾಸನೆ ಮೂಗಿಗೆ ಬಡಿಯಿತು. ಈ ವರ್ಷ ಅವರಿಗೆ ಬಿಲ್ಲುಬಾಣದ ಬೇಟೆಯ ಹುಚ್ಚು ಹತ್ತಿದೆ. ಹತ್ತಲಿ, ನನ್ನದೇನೂ ತಕರಾರಿಲ್ಲ. ಆದರೆ ಆಮೇಲೆ ಅವರು ಬಾಯಿ ತೆರೆದರು ನೋಡಿ.

"ಅತ್ತೆ, ಬೋ ಹಂಟಿಂಗ್‌ಗೆ ಟೋಪಿ ತುಂಬಾ ಇಂಪಾರ್ಟೆಂಟು. ಬಿಸಿಲಿಗೆ ಇದು, ಮಳೆಗೆ ಇದು, ಸ್ನೋಗೆ ಇದು. ನಿಮಗೆ ಇದೆಲ್ಲ ಗೊತ್ತಿರಲ್ಲ ಬಿಡಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಾಫಿ ಕುಡಿಯುತ್ತಿದ್ದ ನಮ್ಮ ಯಜಮಾನರ ಕಡೆ ತಿರುಗಿ, "ಮಾವ, ನೀವು ಹೇಳಿ. ಡೆಟ್ರಾಯಿಟ್‌ನಲ್ಲಿದ್ದಾಗ ಜಿಂಕೆ ಹೊಡೆದಿದ್ರಲ್ಲ, ಆಗ ತಲೆಗೆ ಏನು ಹಾಕ್ಕೊಂಡಿದ್ರಿ?" ಅಂದರು.

ನಮ್ಮವರು ಲೋಟದಿಂದ ಕಣ್ಣೆತ್ತದೆ, "ಹೂಂ, ಅದೆಲ್ಲ ಹಳೇ ಕಥೆ," ಅಂದರು.

ಹಳೇ ಕಥೆಯಂತೆ! ನೀವೇ ಕೇಳಿ, ಕೇಳಿದ ಮೇಲೆ ನನಗೆ ಸಿಟ್ಟು ಬಂದದ್ದು ಸರಿಯೋ ತಪ್ಪೋ ಹೇಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಡೆಟ್ರಾಯಿಟಿನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್, ನಮ್ಮ ಮನೆ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ. ಅವರ ಸಹೋದ್ಯೋಗಿ ಜಿಮ್ ಎಂಬಾತನಿಗೆ ಎರಡು ಗಂಟೆ ಉತ್ತರಕ್ಕೆ ಡ್ರೈವ್ ಮಾಡಿದರೆ ಸ್ವಂತ ಕಾಡು, ಅದರಲ್ಲೊಂದು ಮರದ ಕ್ಯಾಬಿನ್ನು. ಆತ ನಮ್ಮವರನ್ನು ಬಿಲ್ಲು ಕಲಿಯಲು ಕರೆದ. ಜೊತೆಗೆ ಹೋದ ನಾನೂ ಸುಮ್ಮನೆ ಒಂದು ಬಿಲ್ಲು ಎತ್ತಿಕೊಂಡೆ. ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಬಾಣಗಳು ಹುಲ್ಲಿನ ಬೊಂಬೆಗೆ ನಾಟುತ್ತಿದ್ದವು. ನಮ್ಮವರ ಬಾಣಗಳನ್ನು ಪೊದೆಗಳಲ್ಲಿ ಹುಡುಕಿ ತರಬೇಕಾಗಿತ್ತು.

ಬೇಟೆ ನನಗೆ ಹೊಸದಲ್ಲ, ಅಥವಾ ಅದರ ವಾಸನೆ ಹೊಸದಲ್ಲ ಅನ್ನಿ. ಮೈಸೂರಿನಲ್ಲಿ ನಮ್ಮ ತಾತ ಶಿಕಾರಿಗೆ ಹೋಗುತ್ತಿದ್ದವರು. ಹೊರಡುವ ಮುನ್ನ ನಡುಮನೆಯಲ್ಲಿ ನಿಂತು ತಲೆಗೆ ರುಮಾಲು ಸುತ್ತಿಕೊಳ್ಳುವಾಗ ಬಟ್ಟೆಯ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದು ನಿಲ್ಲಬೇಕು. ಆ ಕೆಲಸ ನನ್ನದು. ಸುತ್ತು ಸುತ್ತಿಗೂ ನಾನು ಒಂದೊಂದು ಹೆಜ್ಜೆ ಹತ್ತಿರ ಹೋಗಿ, ಕೊನೆಗೆ ಅವರ ಮೊಣಕಾಲಿಗೆ ತಗಲಿ ನಿಲ್ಲುತ್ತಿದ್ದೆ. "ನಾನೂ ಬರ್ತೀನಿ ತಾತ" ಅಂದರೆ, "ಹೆಣ್ಣುಮಗು, ಮನೇಲಿರು" ಅನ್ನುತ್ತಿದ್ದರು. ರುಮಾಲು ಹಿಡಿಯಲು ಆಗುವ ಕೈ ಬೇಟೆಗೆ ಯಾಕೆ ಆಗುವುದಿಲ್ಲ ಅಂತ ಆಗಲೇ ಸಿಟ್ಟಿತ್ತು.

ಸರಿ, ಅಕ್ಟೋಬರಿನಲ್ಲಿ ಬಿಲ್ಲಿನ ಬೇಟೆ ಶುರುವಾಯಿತು. ಟೋಪಿ ಕೊಳ್ಳಲು ಅಂಗಡಿಗೆ ಹೋದೆವು. ಅಂಗಡಿಯವನು ನಮ್ಮವರಿಗೆ ಗರಿ ಸಿಕ್ಕಿಸಿದ ಅಗಲ ಅಂಚಿನ ಹ್ಯಾಟು ಕೊಟ್ಟ. ನನಗೆ ಏನು ಬೇಕೆಂದು ಅವರನ್ನೇ ಕೇಳಿದ! ತಲೆ ನನ್ನದು, ಪ್ರಶ್ನೆ ಅವರಿಗೆ. ಕೊನೆಗೆ ಮುಂದೆ ಮೂತಿ ಇರುವ ಒಂದು ಹಸಿರು ಕ್ಯಾಪು ಸಿಕ್ಕಿತು. ಸೊಂಟದವರೆಗಿನ ಕೂದಲನ್ನು ತುರುಬು ಕಟ್ಟಿ ಅದರ ಮೇಲೆ ಈ ಕ್ಯಾಪು ಇಟ್ಟರೆ, ಮಡಕೆಯ ಮೇಲೆ ಲೋಟ ಬೋರಲು ಹಾಕಿದ ಹಾಗೆ ಕಾಣುತ್ತಿದ್ದೆ. ಜಡೆ ಇಳಿಬಿಟ್ಟರೆ ಬಿಲ್ಲಿನ ಹಗ್ಗ ಕೂದಲನ್ನು ಕಿತ್ತುಕೊಂಡು ಹೋಗುತ್ತಿತ್ತು. ಅಕ್ಟೋಬರಿನ ಆ ಬಿಸಿಲಿನಲ್ಲಿ ಮೊದಲ ಸಲ ಜಿಂಕೆ ಎದುರಿಗೆ ಬಂದಾಗ ಹಗ್ಗವನ್ನು ಕೆನ್ನೆಯವರೆಗೆ ಎಳೆದೆ, ಬಿಟ್ಟೆ. ಹಗ್ಗ ಕ್ಯಾಪಿನ ಮೂತಿಗೆ ತಗಲಿ ಬಾಣ ಒಂದು ಕಡೆ, ಕ್ಯಾಪು ಒಂದು ಕಡೆ ಹೋದವು. ಜಿಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮವರ ಹ್ಯಾಟಿನ ಅಂಚಿಗೂ ಹಗ್ಗ ತಗಲುತ್ತಲೇ ಇತ್ತು. ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ನವೆಂಬರಿನಲ್ಲಿ ಮಳೆ. ಆಗಿನ ಕಾಲದ ಹೆಂಗಸರು ಪರ್ಸಿನಲ್ಲಿ ಮಡಿಸಿಟ್ಟುಕೊಳ್ಳುತ್ತಿದ್ದ ಪ್ಲಾಸ್ಟಿಕ್ ಮಳೆಟೋಪಿಯನ್ನು ಗಲ್ಲಕ್ಕೆ ಕಟ್ಟಿಕೊಂಡು ಕೂತೆ. ತಲೆ ಒದ್ದೆಯಾಗಲಿಲ್ಲ, ನಿಜ. ಆದರೆ ಹನಿ ಬಿದ್ದಾಗಲೆಲ್ಲ ಕಿವಿಯ ಪಕ್ಕದಲ್ಲೇ ಯಾರೋ ಸಾಸಿವೆ ಸಿಡಿಸಿದ ಹಾಗೆ ಸದ್ದು. ಜಿಂಕೆ ನನ್ನ ಬೆನ್ನ ಹಿಂದೆಯೇ ನಡೆದು ಹೋಯಿತಂತೆ. ಕೇಳಿಸಿದ್ದರೆ ತಾನೆ ತಿರುಗುವುದು!

ಡಿಸೆಂಬರಿನ ಚಳಿಗೆ ಮೈಸೂರಿನಿಂದ ನಮ್ಮತ್ತೆ ಕಳಿಸಿದ್ದ ಉಣ್ಣೆಯ ಕುಲಾವಿ ಇತ್ತು. ಮುಂದೆ ಮೂತಿಯಿಲ್ಲ, ಸದ್ದಿಲ್ಲ, ಕಿವಿ ಕತ್ತು ಎಲ್ಲ ಬೆಚ್ಚಗೆ. ಈ ಸಲ ಗೆದ್ದೆ ಅಂದುಕೊಂಡೆ. ಬೆಳಗಿನ ಹಿಮದಲ್ಲಿ ಜಿಂಕೆಯೊಂದು ನಾನು ಒರಗಿ ಕೂತಿದ್ದ ಮರದ ಕಡೆಗೇ ಬಂತು. ದೂರದಲ್ಲೇ ನಿಂತು ಮೂಗೆತ್ತಿತು, ಬುಸ್ಸೆಂದು ಉಸಿರು ಬಿಟ್ಟು ನೆಗೆದು ಓಡಿತು. ಅಷ್ಟು ಹೊತ್ತು ಅಲುಗಾಡದೆ ಕೂತಿದ್ದವಳು ನಾನು.

ಅವತ್ತು ಜಿಮ್ ನನ್ನನ್ನು ಬಿಟ್ಟು ನಮ್ಮವರಿಗೆ ಹೇಳಿದ, ಮುಂದಿನ ಶನಿವಾರ ನಿಮ್ಮ ಮಿಸೆಸ್ ಕ್ಯಾಬಿನ್ನಿನಲ್ಲಿ ಕೂತು ಕಾಫಿ ಮಾಡಲಿ, ಹೆಂಗಸರು ಸುಮ್ಮನೆ ಕೂರಲಾರರು, ಜಿಂಕೆ ಹೆದರುತ್ತದೆ ಅಂತ. ಆ ವರ್ಷದ ಬೇಟೆಗೆ ಅದೇ ಕೊನೆಯ ಶನಿವಾರ. ವಾಪಸ್ಸು ಬರುವಾಗ ನಮ್ಮವರು ಕಾರಿನ ಹೀಟರ್ ಹಾಕಿ, "ಹೋಗ್ಲಿ ಬಿಡೇ, ಬೆಚ್ಚಗೆ ಒಳಗೆ ಕೂತ್ಕೋ" ಅಂದರು. ಆಮೇಲೆ ಮೂಗು ಮುಚ್ಚಿಕೊಂಡು, "ಏನೇ ಇದು, ಕಾರೆಲ್ಲ ನುಸಿಗುಳಿಗೆ ವಾಸನೆ?" ಅಂದರು.

ಕುಲಾವಿ ತೆಗೆದು ಮೂಸಿದೆ. ಅತ್ತೆ ಟ್ರಂಕಿನಲ್ಲಿ ಇಡುವಾಗ ಒಂದು ಹಿಡಿ ನುಸಿಗುಳಿಗೆ ಹಾಕಿದ್ದರು. ಇಲ್ಲಿಗೆ ಬಂದ ಮೇಲೆ ನಾನೂ ಸೂಟ್‌ಕೇಸಿನಲ್ಲಿ ಇನ್ನೊಂದು ಹಿಡಿ ಹಾಕಿದ್ದೆ. ಉಣ್ಣೆ ಅಂದರೆ ನುಸಿಗುಳಿಗೆ ಅಂತಲೇ ಬೆಳೆದವರು ನಾವು, ಮೂಗಿಗೆ ಅದು ವಾಸನೆ ಅಂತಲೇ ಅನ್ನಿಸುವುದಿಲ್ಲ. ಜಿಂಕೆ ಏನು ಮೈಸೂರಿನದೇ? ನಾನು ಅಲುಗಾಡಿರಲಿಲ್ಲ, ಅದು ಖಾತ್ರಿಯಾಯಿತು.

ಆ ವಾರ ಕಾಫಿ ಬಣ್ಣದ ಹಳೆಯ ನೂಲಿನ ಸೀರೆಯೊಂದನ್ನು ಉದ್ದಕ್ಕೆ ಹರಿದೆ. ಸೋಪು ಹಾಕದೆ ಒಗೆದು, ಹಿತ್ತಲಿನ ಓಕ್ ಮರಕ್ಕೆ ಕಟ್ಟಿ ಗಾಳಿಗೆ ಬಿಟ್ಟೆ. ತಲೆಗೆ ಎಣ್ಣೆಯನ್ನೂ ಹಚ್ಚಲಿಲ್ಲ. ಶನಿವಾರ ಬೆಳಗ್ಗೆ ಕ್ಯಾಬಿನ್ನಿನ ಬಾಗಿಲ ಚಿಲಕಕ್ಕೆ ಒಂದು ತುದಿ ಕಟ್ಟಿ, ತಾತನ ಹಾಗೆ ಸುತ್ತಿಕೊಂಡೆ. ತುರುಬು ಒಳಗೆ, ಹಣೆ ಬರಿದು, ಕಿವಿಯ ಮೇಲೆ ಒಂದೇ ಮಡಿಕೆ. ಬೇಕಾದಾಗ ಬೆರಳಲ್ಲಿ ಸರಿಸಿದರೆ ಎಲೆ ಉದುರುವುದೂ ಕೇಳಿಸಬೇಕು. ಜಿಮ್ ಏನೋ ಹೇಳಲು ಬಂದ. "ಕಾಫಿ ಫ್ಲಾಸ್ಕಿನಲ್ಲಿದೆ" ಅಂದು ಬಿಲ್ಲು ಹಿಡಿದು ಹೊರಟೆ.

ಜಿಂಕೆ ಬಂತು. ಕೊಂಬಿನದು. ಹಗ್ಗ ಕೆನ್ನೆಗೆ ಬಂತು, ಯಾವುದಕ್ಕೂ ತಗಲಲಿಲ್ಲ. ಬಾಣ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಜಿಂಕೆ ನಾಲ್ಕು ಹೆಜ್ಜೆ ಓಡಿ ಬಿತ್ತು.

ಓಡಿ ಬಂದ ಜಿಮ್ ಏನು ಮಾಡಿದ ಗೊತ್ತೇ? ನಮ್ಮವರ ಬೆನ್ನು ತಟ್ಟಿ, ಗರಿಯ ಹ್ಯಾಟು ಸರಿಮಾಡಿ, ಕೊಂಬು ಹಿಡಿಸಿ ಕೂರಿಸಿದ. ಕ್ಯಾಮೆರಾ ನನ್ನ ಕೈಗೆ ಕೊಟ್ಟ! ನಮ್ಮವರು ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಕ್ಯಾಮೆರಾ ನೋಡಿ ನಕ್ಕರು. ಆ ಫೋಟೋ ಇವತ್ತಿಗೂ ಅಳಿಯನ ಮನೆಯ ಗೋಡೆಯ ಮೇಲಿದೆ.

ಸಂಕ್ರಾಂತಿಗೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದಾಗ, ನಮ್ಮವರು ಜಿಂಕೆ ಹೊಡೆದರಂತೆ ಅಂತ ಸುದ್ದಿ ಹಬ್ಬಿತ್ತು. "ನಾನು ಹೊಡೆದದ್ದು" ಅಂದೆ. ಎಲ್ಲರೂ ನಕ್ಕರು. ನಮಗಿಂತ ಹಿರಿಯರಾದ ಸರೋಜಾ ಆಂಟಿ ನನ್ನನ್ನು ಮೂಲೆಗೆ ಕರೆದು, "ಹಾಗೆಲ್ಲ ಹೇಳ್ಕೊಂಡು ತಿರುಗಬೇಡಮ್ಮ, ಗಂಡಸಿನ ಮರ್ಯಾದೆ ಏನಾಗತ್ತೆ?" ಅಂದು ಕೈಗೆ ಎಳ್ಳುಬೆಲ್ಲ ಹಾಕಿದರು. ಆ ಕಡೆ ಯಾರೋ ನಮ್ಮವರ ಕೈ ಕುಲುಕುತ್ತಿದ್ದರು. "ಏನೋ, ದೇವರ ದಯೆ" ಅನ್ನುತ್ತಿದ್ದರು ಇವರು. ದೇವರಿಗೂ ಪಾಲು ಸಿಕ್ಕಿತು, ನನಗೆ ಸಿಗಲಿಲ್ಲ. ಕಾರಿನಲ್ಲಿ ಕೇಳಿದರೆ ಮತ್ತದೇ, "ಹೋಗ್ಲಿ ಬಿಡೇ."

ಮೊನ್ನೆ ಇದನ್ನೆಲ್ಲ ನೆನೆದು ಹುರುಳಿಕಾಯಿ ತಟ್ಟೆ ಕುಕ್ಕಿ ಎದ್ದೆ. ಮಗಳು ಸ್ಮಿತಾ ಅಡುಗೆಮನೆಯಿಂದ, "ಅಮ್ಮಾ, ಲೆಟ್ ಇಟ್ ಗೋ" ಅಂದಳು. ಅಪ್ಪನ ಮಗಳು, ಭಾಷೆ ಮಾತ್ರ ಬೇರೆ. ಸೂಟ್‌ಕೇಸಿನ ತಳದಿಂದ ಕಾಫಿ ಬಣ್ಣದ ಬಟ್ಟೆ ತೆಗೆದು ತಂದೆ. ಇದಕ್ಕೆ ನಾನು ಯಾವತ್ತೂ ನುಸಿಗುಳಿಗೆ ಹಾಕಿಲ್ಲ. ಅಲ್ಲಲ್ಲಿ ತೂತು ಬಿದ್ದಿದೆ, ಬೀಳಲಿ.

"ಕಾರ್ತಿಕ್, ಬಿಲ್ಲು ತನ್ನಿ. ಬಿಸಿಲಿಗೆ ಅಂದ್ರಲ್ಲ, ಆ ಕ್ಯಾಪು ಹಾಕ್ಕೊಂಡು ಹಗ್ಗ ಎಳೀರಿ, ಮೆಲ್ಲಗೆ."

ಎಳೆದರು. ಹಗ್ಗ ಕ್ಯಾಪಿನ ಮೂತಿಗೆ ತಗಲಿತು. ಅವರ ಮುಖ ಸಣ್ಣದಾಯಿತು.

"ಈಗ ಈ ತುದಿ ಹಿಡ್ಕೊಳ್ಳಿ, ಬಿಗಿಯಾಗಿ." ಅಳಿಯಂದಿರು ಹಿಡಿದು ನಿಂತರು. ನಾನು ಸುತ್ತಿಕೊಂಡೆ. ಈಗ ತುರುಬು ಕಟ್ಟುವಷ್ಟು ಕೂದಲೇ ಇಲ್ಲ, ಇನ್ನೂ ಚೆನ್ನಾಗಿ ಕೂತಿತು.

"ಅತ್ತೆ, ಇದೆಲ್ಲ ಮಾವ ಹೇಳ್ಕೊಟ್ಟಿದ್ದಾ?"

ನಮ್ಮವರು ಲೋಟ ಕೆಳಗಿಟ್ಟರು. ನನ್ನ ರುಮಾಲಿನ ಕಡೆ ನೋಡಿದರು. "ನಾನೆಲ್ಲಿ ಹೇಳ್ಕೊಟ್ಟೆ? ಜಿಂಕೆ ಹೊಡೆದಿದ್ದು ಅವಳು," ಅಂದರು.

ಇಷ್ಟೇ ಮಾತು. ಮನೆ ಬೀಳಲಿಲ್ಲ, ಅವರ ಮರ್ಯಾದೆಗೂ ಏನೂ ಆಗಲಿಲ್ಲ. ಸ್ಮಿತಾ ಸೌಟು ಹಿಡಿದುಕೊಂಡೇ ಹೊರಗೆ ಬಂದು ಗೋಡೆಯ ಫೋಟೋ ನೋಡಿದಳು, ನನ್ನನ್ನು ನೋಡಿದಳು. ನನಗೆ ಸಮಾಧಾನ ಆಗಬೇಕಿತ್ತು ಅಲ್ಲವೇ? ಆಗಲಿಲ್ಲ. ಇಷ್ಟು ಸುಲಭವಾಗಿ ಆಡಬಹುದಾದ ಮಾತನ್ನು ಒಂದು ಆಯುಷ್ಯವೆಲ್ಲ ಬಾಯಲ್ಲಿಟ್ಟುಕೊಂಡು ಕೂತಿದ್ದರಲ್ಲ ಅಂತ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

"ಇನ್ನೊಂದು ಸ್ವಲ್ಪ ಕಾಫಿ ಇದೆಯೇನೇ?" ಅಂದರು ಇವರು.

"ಫ್ಲಾಸ್ಕಿನಲ್ಲಿದೆ" ಅಂದು, ಅಳಿಯನ ಬಿಲ್ಲು ತೆಗೆದುಕೊಂಡು ಹಿತ್ತಲಿಗೆ ಹೋದೆ.