ಆಪಾ ಕೊಟ್ಟ ಜಬಾನು

ಫೋನು ಎತ್ತುವ ಮುಂಚೆ ಖುರ್ಷೀದಾಪಾ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಆ ಕಡೆಯವರಿಗೆ ಕಾಣುವುದಿಲ್ಲವಲ್ಲ ಎಂದು ನಾನು ಚೇಷ್ಟೆ ಮಾಡಿದರೆ, "ಕಾಣೂದಿಲ್ಲಂತ ಅದಬ್ ಮರ್ಯಾದಿ ಬಿಡ್ಲಾಕ ಬರ್ತದೇನೋ ಬೇಟಾ?" ಅನ್ನುವರು.

ಭಾಲ್ಕಿಯಲ್ಲಿ ನೀರಿನ ಟ್ಯಾಂಕರ್ ಕಳಿಸುವ ಕಚೇರಿಯೊಂದರಲ್ಲಿ ಅವರು ಫೋನಿಗೆ ಕೂತವರು, ಊರಿಗೆಲ್ಲ ಆಪಾ, ಅಂದರೆ ಅಕ್ಕ. ಡ್ರೈವರನನ್ನು ವಿಚಾರಿಸದೆ ಯಾರಿಗೂ "ಬರ್ತದ" ಅಂದವರಲ್ಲ. ತಿಳಿಯದಿದ್ದರೆ "ಗೊತ್ತಿಲ್ರಿ" ಅಂತ ಹೇಳಿ ಬೈಸಿಕೊಳ್ಳುವರು. ಹಾಗಾಗಿಯೇ ಭಾತಂಬ್ರಾದಿಂದ ಹಿಡಿದು ಔರಾದ ಕಡೆಯ ಠಾಣಾ ಕುಶನೂರದವರೆಗೆ ಜನ ಮಾಲೀಕರ ಮಾತು ಬಿಟ್ಟು ಆಪಾನ ಮಾತು ನಂಬುತ್ತಿದ್ದರು. ಸಂಜೆ ಹೊರಡುವಾಗ "ಬರ್ತೇನ್ರಿ" ಎನ್ನದೆ ಮೆಟ್ಟಿಲು ಇಳಿದವರಲ್ಲ. ನಾನೊಮ್ಮೆ ಬಾಯ್ತಪ್ಪಿ "ಹೋಗ್ತೇನಿ" ಅಂದಾಗ ಬಾಗಿಲಿನಿಂದ ವಾಪಸು ಕರೆದು ಕೂಡಿಸಿ, ಚಹಾ ಕುಡಿಸಿ, "ಬರ್ತೇನಿ" ಅನ್ನಿಸಿಯೇ ಕಳಿಸಿದ್ದರು.

ಬರ ಬಿದ್ದ ವರ್ಷ ಆ ಕಚೇರಿಗೆ ಊರೂರಿನ ಕರೆಗಳು ಮುಗಿಬಿದ್ದವು. ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಮಾಲೀಕರು ಕರೆಸಿದರು. ಕಚೇರಿಯ ಫೋನುಗಳನ್ನು ಸಂಭಾಳಿಸುವ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಯಾರು ಬೇಕಾದರೂ ಬಿಚ್ಚಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದೆ. ಕರೆಗಳು ಸಾಲಾಗಿ ನಿಂತವು. ಆದರೆ ಕಾಯುವವರ ಜೊತೆ ಅದು ಇಂಗ್ಲಿಷಿನಲ್ಲಿ ಮಾತಾಡಿತು. ಭಾತಂಬ್ರಾದ ಮುದುಕರೊಬ್ಬರು "ಫೋನ್ ದಿಲ್ಲಿಗಿ ಹೋಗ್ಯಾದ ನೋಡು" ಎಂದು ಕಟ್ ಮಾಡಿದರಂತೆ.

"ನಿಮ್ಮ ಜಬಾನ್ ಕೊಡ್ರಿ ಆಪಾ" ಅಂದೆ. ನಮ್ಮ ಕಡೆ ಜಬಾನ್ ಅಂದರೆ ನಾಲಿಗೆಯೂ ಹೌದು, ಕೊಟ್ಟ ಮಾತೂ ಹೌದು. ಅವರು ನಕ್ಕು, ಸೆರಗು ಹೊದ್ದು, ಮೈಕಿಗೆ ಹೇಳಿದರು: "ಜರಾ ತಡೀರಿ. ನಿಮ್ಮ ಸರದಿ ಬರ್ತದರಿ."

ಕಾಯುವವರಿಗೆಲ್ಲ ಆ ದನಿಯೇ ಕೇಳುವಂತೆ ಮಾಡಿದೆ. ಫೋನಿನ ಸರದಿ ಎಂದು ನಾವು ತಿಳಿದಿದ್ದೆವು. ಕೇಳಿದವರು ನೀರಿನ ಸರದಿ ಎಂದು ತಿಳಿದರು. ನೀರು ತುಂಬಿಸಿಕೊಳ್ಳುತ್ತಿದ್ದ ಬಾವಿಗಳು ಒಂದೊಂದಾಗಿ ಬತ್ತಿ ಟ್ಯಾಂಕರುಗಳು ನಿಂತರೂ ಆ ದನಿ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಸಾಯಗಾಂವದ ಹೆಂಗಸೊಬ್ಬಳು ಖಾಲಿ ಕೊಡ ಹಿಡಿದು ಕಚೇರಿಗೇ ಬಂದಳು. "ಓಣಿ ಮಂದಿಯೆಲ್ಲಾ ದುಡೀಲಾಕ ಹೈದ್ರಾಬಾದಿಗಿ ಹೋಗ್ಯಾರ್ರಿ. ಆಪಾ ಬರ್ತದ ಅಂದಾರ, ಬರ್ತದ ಅಂತ ನಾ ಕೂತೀನ್ರಿ. ಎಮ್ಮಿ ಸತ್ತು ಹೋಯ್ತು. ಯಾವಾಗ ಬರ್ತದ್ರಿ?"

ಆಪಾ ಕಚೇರಿಯಲ್ಲಿ ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಆ ಕೊಡಕ್ಕೆ ಸುರಿದರು, ಅರ್ಧವೂ ತುಂಬಲಿಲ್ಲ. ಅವಳು ಹೋದ ಮೇಲೆ ನನ್ನ ಕೈ ಹಿಡಿದರು. "ನೀರು ಬರ್ತದಂತ ನಾ ಅಂದಿಲ್ಲೋ ಬೇಟಾ. ಆದ್ರ ದನಿ ನಂದೇ ಅದ. ತೆಗಿ, ನನ್ನ ಜಬಾನ್ ತೆಗಿ."

ತೆಗೆದೆ. ಕಂಪ್ಯೂಟರಿನಿಂದ ತೆಗೆಯುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಕೇಳಿದವರ ಕಿವಿಯಿಂದ ತೆಗೆಯಲು ನನಗೆ ಬರಲಿಲ್ಲ. ಸಂತೆಯಲ್ಲಿ ಆಪಾ ಬಾಯಿ ಬಿಟ್ಟರೆ ಸಾಕು, ಜನ ದನಿ ಗುರುತಿಸಿ ತಿರುಗಿ ನೋಡುತ್ತಿದ್ದರು. ಅವರು ಮೂಕರ ಹಾಗೆ ಬೆರಳು ತೋರಿಸಿ ಕಾಯಿಪಲ್ಲೆ ಕೊಳ್ಳತೊಡಗಿದರು. ನೋಡಿ ನನಗೆ ಅಳು ಬರುತ್ತಿತ್ತು. ಏನು ಮಾಡಲಿ?

ಬೇಸಿಗೆ ಮುಗಿಯುವ ಮೊದಲೇ ಕಚೇರಿ ಮುಚ್ಚಿತು. ಆಪಾ ಹೈದರಾಬಾದಿನ ಮಗಳ ಮನೆಗೆ ಹೊರಟರು. ಭಾಲ್ಕಿ ಸ್ಟೇಷನ್ನಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂಡಿಸಿ ಕೆಳಗಿಳಿದೆ. ಗಾಡಿ ಕದಲಿತು. "ಬರ್ತೇನಿ ಅನ್ರಿ, ಆಪಾ" ಎಂದು ಜೊತೆಗೆ ನಡೆಯುತ್ತ ಬೇಡಿಕೊಂಡೆ.

ಅವರು ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಹೋಗ್ತೇನಿ, ಬೇಟಾ."